ಎದುರಿಗೇ ಕುಳಿತ ಗೈರ್‌ಹಾಜಿರ್

ಮಿತ್ರರೇ, ಸಗರದ ನಾಗಮ್ಮ ದವಾಖಾನೆಗೆ ಬರಲೇ ಇಲ್ಲವೆಂದು ನಿನ್ನೆ ವಾಚನಾಲಯದ ಈ ಫಲಕದ ಮೇಲೆ ಬರೆದಿದ್ದೆ. ಅದು ತಪ್ಪು. ದವಾಖಾನೆಯ ರಿಜಿಸ್ಟರಿನಲ್ಲಿದ್ದ ‘ಗೈರ್‌ಹಾಜಿರ್’ ಎಂಬ ಪದವನ್ನು ನಾನು ನಂಬಿಬಿಟ್ಟೆ.

ಇಂದು ಕುತೂಹಲದಿಂದ ಹೋಗಿ ನೋಡಿದರೆ, ಆಕೆ ಕಂಪೌಂಡರನ ಎದುರಿನ ಬೆಂಚಿನ ಮೇಲೆಯೇ ಕುಳಿತಿದ್ದಳು; ನಿನ್ನೆಯೂ ಅಲ್ಲಿಯೇ ಕುಳಿತಿದ್ದಳಂತೆ. ಹುಟ್ಟಿನಿಂದ ಆಕೆಗೆ ಕಿವಿ ಕೇಳಿಸದು. ಮುಳ್ಳು ಚುಚ್ಚಿದ ಅಂಗೈ ಕೀವು ತುಂಬಿ, ಕುಡುಗೋಲು ಹಿಡಿಯಲಾಗದಷ್ಟು ಬಾತಿತ್ತು. ಕಂಪೌಂಡರ್ ಆಕೆಯ ಹೆಸರನ್ನು ಮೂರು ಬಾರಿ ಕೂಗಿ ಲೇಖನಿ ಎತ್ತಿಕೊಂಡ.

“ಏನ ಬರ್ಯಾಕತ್ತೀಪಾ?” ಎಂದೆ.

“ಮೂರ ಸಲ ಕೂಗೀನ್ರಿ ಮಾಸ್ತರ. ಬರ್ಲಿಲ್ಲಂದ್ರ ಗೈರ್‌ಹಾಜಿರ್. ಕಾಯ್ದೆ ಐತ್ರಿ.”

“ಆಕಿಗೆ ಕಿವಿ ಕೇಳಂಗಿಲ್ಲ.”

“ಹೌದೇನ್ರಿ?” ಎಂದವನೇ ಮೊದಲಿಗಿಂತ ಗಟ್ಟಿಯಾಗಿ ನಾಲ್ಕನೆಯ ಸಲ ಕೂಗಿದ.

ನಾನು ಹೋಗಿ ನಾಗಮ್ಮನ ಭುಜ ಮುಟ್ಟಿದೆ. ಆಕೆ ತಕ್ಷಣ ಎದ್ದಳು. ಡಾಕ್ಟರು ಕೀವು ತೆಗೆದು, “ಇನ್ನೆರಡು ದಿನ ಬಿಟ್ಟಿದ್ರ ಬೆರಳ ಹೋಗ್ತಿತ್ತು” ಎಂದರು.

ಕಂಪೌಂಡರ್ ಈಗ ರಿಜಿಸ್ಟರನ್ನು ತಿದ್ದಿ, ‘ದೇರ್ ಸೆ ಹಾಜಿರ್’, ಅಂದರೆ ತಡವಾಗಿ ಬಂದವಳು, ಎಂದು ಬರೆದಿದ್ದಾನೆ. ಅಕ್ಷರಗಳೇನೋ ಶುದ್ಧವಾಗಿವೆ.

ಮಾಘ ಬಹುಳ ಪಂಚಮಿ, ಸಂಜೆ ಐದೂವರೆ ಗಂಟೆ.