ಸಾಣೆಯಕ್ಕನ ತಲೆ ತಿಂದ ಬ್ಲೇಡು

ಬೆಳಿಗ್ಗೆ ಐದೂವರೆ. ಬೀದಿ ಇನ್ನೂ ಮಗ್ಗುಲು ಬದಲಿಸುತ್ತಿದೆ. ಕೊನೆಯ ಮನೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಮಾತ್ರ ಲೋಹದ ತಟ್ಟೆಯೊಂದು ಗುಂಯ್ ಎಂದು ತಿರುಗುತ್ತಿದೆ. ಅದರ ಮುಂದೆ ಸ್ಟೂಲಿನ ಮೇಲೆ ಕೂತವರನ್ನು ಎಲ್ಲರೂ ಸಾಣೆಯಕ್ಕ ಎಂದೇ ಕರೆಯುತ್ತಾರೆ. ಮನೆಯಲ್ಲೇ ನಾಯಿಯ ಕೂದಲು ಕತ್ತರಿಸುವವರ ಕ್ಲಿಪ್ಪರ್ ಬ್ಲೇಡುಗಳಿಗೆ ಸಾಣೆ ಹಿಡಿಯುವುದು ಅವರ ಕೆಲಸ. ಸಾಣೆ ಮುಗಿದ ಬ್ಲೇಡನ್ನು ಡಬ್ಬಿಯಲ್ಲಿ ಕೂಡಿಟ್ಟ ನಾಯಿಕೂದಲಿನ ಮೇಲೆ ಓಡಿಸುತ್ತಾರೆ. ಸಲೀಸಾಗಿ ಕತ್ತರಿಸುತ್ತದೆ. ಆದರೂ ನಂಬಿಕೆಯಿಲ್ಲ, ಇನ್ನೊಮ್ಮೆ, ಮತ್ತೊಮ್ಮೆ ಓಡಿಸುತ್ತಾರೆ.

“ಇಲ್ಲಿ ಚೆನ್ನಾಗೇ ಇರುತ್ತೆ. ಆ ಮನೆಗೆ ಹೋದ್ಮೇಲೆ ಅದಕ್ಕೆ ಏನು ಬರುತ್ತೋ, ದೇವರೇ ಬಲ್ಲ!”

‘ಆ ಮನೆ’ ಎಂದರೆ ಎರಡು ಬೀದಿ ಆಚೆಗಿನ ನಿವೃತ್ತ ಮೇಷ್ಟ್ರದು. ಅವರ ಮುದಿ ನಾಯಿಗೆ ಮೈತುಂಬ ಗುಂಗುರು ಕೂದಲು. ಮೈಗೊಂದು, ಪಾದಕ್ಕೊಂದು ಎಂದು ಎರಡು ಬ್ಲೇಡು. ಅವು ಮೂರು ಸಲ ವಾಪಸ್ ಬಂದಿವೆ. ಮೊದಲ ಕಟಿಂಗ್ ಸುಸೂತ್ರ. ಎರಡನೆಯದಕ್ಕೆ ಕೂದಲನ್ನು ಕಚ್ಚಿ ಎಳೆಯುತ್ತವೆ. ಈಗ ಕ್ಲಿಪ್ಪರಿನ ಸದ್ದು ಕೇಳಿದರೆ ಸಾಕು, ನಾಯಿ ಮಂಚದಡಿ ಸೇರುತ್ತದಂತೆ.

ಸಾಣೆಯಕ್ಕ ಹೊಸಬರಲ್ಲ. ಹೊಲಿಗೆ ಕಾರ್ಖಾನೆಯ ಕತ್ತರಿಗಳಿಗೆ ಹದಿಮೂರು ವರ್ಷ ಸಾಣೆ ಹಿಡಿದವರು. ಕಾರ್ಖಾನೆಗೆ ಬೀಗ ಬಿದ್ದಾಗ ಪಕ್ಕದ ಮನೆಯಾಕೆ ಒಂದು ಮೊಂಡು ಬ್ಲೇಡು ತಂದುಕೊಟ್ಟರು. ಅಲ್ಲಿಂದ ಒಂಬತ್ತು ವರ್ಷ. ದಿನಕ್ಕೆ ಹದಿನಾಲ್ಕು ಬ್ಲೇಡು, ಒಂದಕ್ಕೆ ಎಂಟು ನಿಮಿಷ. ಈಗ ದಿನದ ಲೆಕ್ಕ ಆರು ಬ್ಲೇಡಿಗೆ ಇಳಿದಿದೆ. ಮೇಷ್ಟ್ರ ಮನೆಯ ಅನುಮಾನ ಎಲ್ಲ ಬ್ಲೇಡಿಗೂ ಹತ್ತಿಕೊಂಡು, ಒಂದೊಂದನ್ನೂ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ಎಣ್ಣೆ ಬದಲಿಸಿದರು, ಸಾಣೆಪುಡಿ ಬದಲಿಸಿದರು, ಕಣ್ಣಿನ ಡಾಕ್ಟರ ಹತ್ತಿರವೂ ಹೋದರು. ಡಾಕ್ಟರು ಕಣ್ಣು ಸರಿಯಾಗಿದೆ ಎಂದಾಗ ಖುಷಿಯಾಗಲಿಲ್ಲ, ಇನ್ನಷ್ಟು ಭಯವಾಯಿತು.

“ಕಣ್ಣು ಸರಿ ಇದೆ ಅಂದ್ರೆ ಕೆಟ್ಟಿರೋದು ಕೈ ತಾನೆ?” ಎಂದು ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ.

“ಅಮ್ಮಾ, ಸಾಕು ಮಾಡು. ವಯಸ್ಸಾಯ್ತು,” ಎನ್ನುತ್ತಾಳೆ ಮಗಳು. ಇನ್ನೊಂದು ಸಲ ವಾಪಸ್ ಬಂದರೆ ಯಂತ್ರದ ಪ್ಲಗ್ಗು ಕಿತ್ತುಬಿಡುತ್ತೇನೆ ಎಂದು ತಾಯಿ ಮಾತು ಕೊಟ್ಟಿದ್ದಾರೆ.

ಮಾತು ಕೊಟ್ಟ ಹತ್ತನೇ ದಿನಕ್ಕೆ ಮೇಷ್ಟ್ರ ಫೋನು: “ಬೇಜಾರು ಮಾಡ್ಕೋಬೇಡಿ ತಾಯಿ, ಮತ್ತೆ ಅದೇ ಕಥೆ.”

ಈ ಸಲ ಬ್ಲೇಡು ಬರುವವರೆಗೆ ಕಾಯುವ ತಾಳ್ಮೆ ಸಾಣೆಯಕ್ಕನಿಗಿಲ್ಲ. ಚಪ್ಪಲಿ ಮೆಟ್ಟಿ ತಾವೇ ಹೊರಡುತ್ತಾರೆ. “ನೀವು ಬ್ಲೇಡನ್ನ ಹೇಗೆ ತೊಳೀತೀರಿ, ನನ್ನ ಕಣ್ಣೆದುರಿಗೇ ತೊಳೀರಿ.”

ಮೇಷ್ಟ್ರು ಮಹಾ ಅಚ್ಚುಕಟ್ಟು. ಸ್ಕ್ರೂ ಬಿಚ್ಚುತ್ತಾರೆ, ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಸಂದಿ ಸಂದಿ ಉಜ್ಜುತ್ತಾರೆ, ಒರೆಸಿ, ಎರಡೇ ಹನಿ ಎಣ್ಣೆ ಬಿಡುತ್ತಾರೆ. ತಪ್ಪು ಹುಡುಕಲು ಬಂದ ಸಾಣೆಯಕ್ಕ ಕಂಗಾಲು. ಇಷ್ಟು ಮುತುವರ್ಜಿ ಅವರ ಯಾವ ಗಿರಾಕಿಗೂ ಇಲ್ಲ.

ಆಮೇಲೆ ಮೇಷ್ಟ್ರು ಬಿಳಿ ಬಟ್ಟೆ ಹಾಸಿ ಅವನ್ನು ಹರಡಿಡುತ್ತಾರೆ. ಒಂದೊಂದು ಬ್ಲೇಡೂ ಎರಡು ತಗಡಿನ ಜೋಡಿ: ಕೆಳಗಿನದು ನಿಲ್ಲುತ್ತದೆ, ಮೇಲಿನದು ಓಡಾಡುತ್ತದೆ. ಮೇಷ್ಟ್ರು ಕೆಳಗಿನವೆರಡನ್ನು ಒಂದು ಸಾಲಿಗೆ, ಮೇಲಿನವೆರಡನ್ನು ಇನ್ನೊಂದು ಸಾಲಿಗೆ ಜೋಡಿಸುತ್ತಾರೆ, ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿದ ಹಾಗೆ. ತಿರುಗಿ ಸ್ಕ್ರೂ ಹಾಕುವಾಗ ಕೈಗೆ ಸಿಕ್ಕಿದ್ದನ್ನು ಸೇರಿಸುತ್ತಾರೆ.

“ಅಯ್ಯೋ ಮೇಷ್ಟ್ರೇ! ಇದರ ಗಂಡನ್ನ ಅದರ ಹೆಂಡ್ತಿಗೆ ಕಟ್ತಾ ಇದೀರಲ್ರೀ!”

“ಮೇಲಿನವೆರಡೂ ಒಂದೇ ಥರ ಇದಾವಲ್ಲ ತಾಯಿ?”

“ನೋಡೋಕೆ ಒಂದೇ. ಆದ್ರೆ ನಾನು ಜೋಡೀನೇ ಒಟ್ಟಿಗೆ ಸಾಣೆ ಹಿಡಿದಿರ್ತೀನಿ. ಅದಕ್ಕೆ ಅದರದೇ ಜೊತೆ ಬೇಕು.”

ಬೆಳಕಿಗೆ ಹಿಡಿದು ತಮ್ಮ ಸಾಣೆಯ ಗೆರೆ ಗುರುತಿಸಿ, ಮೇಲಿನವೆರಡನ್ನು ಅದಲುಬದಲು ಮಾಡಿ ಸಾಣೆಯಕ್ಕನೇ ಸ್ಕ್ರೂ ಬಿಗಿಯುತ್ತಾರೆ. ನಾಯಿಯನ್ನು ಮಂಚದಡಿಯಿಂದ ಹೊರತರಲು ಅರ್ಧ ಗಂಟೆ ಬೇಕಾಗುತ್ತದೆ. ಕ್ಲಿಪ್ಪರ್ ಬೆನ್ನಿಗೆ ತಾಗಿದಾಗ ಅದು ಹಲ್ಲು ಕಿರಿಯುತ್ತದೆ, ಅನುಮಾನದಿಂದ ಒಮ್ಮೆ ಹಿಂತಿರುಗಿ ನೋಡುತ್ತದೆ, ಸ್ವಲ್ಪ ಹೊತ್ತಿಗೆ ಮೇಷ್ಟ್ರ ಮಂಡಿಗೊರಗಿ ಗೊರಕೆ ಹೊಡೆಯುತ್ತದೆ. ಕತ್ತರಿಸಿದ ಕೂದಲು ಸದ್ದಿಲ್ಲದೆ ನೆಲಕ್ಕೆ ಬೀಳುತ್ತಿದೆ. ಸಾಣೆಯಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

ಮೇಷ್ಟ್ರು ಕ್ಷಮೆ ಕೇಳುತ್ತಲೇ ಇದ್ದಾರೆ. ಆಕೆಗೆ ಅದು ಬೇಕಿಲ್ಲ.

“ನಿಮ್ಮದೇನು ತಪ್ಪು ಮೇಷ್ಟ್ರೇ, ನಿಮಗೆ ಗೊತ್ತಿರ್ಲಿಲ್ಲ. ಇಪ್ಪತ್ತೆರಡು ವರ್ಷ ನನಗೆ ಅನ್ನ ಹಾಕಿದ ಕೈ ಇದು. ಕೊನೆಗೆ ಇದನ್ನೇ ಯಾಕೆ ಅನುಮಾನಿಸಿದ್ನೋ, ಅದೊಂದು ಮಾತ್ರ ನನಗಿನ್ನೂ ಅರ್ಥ ಆಗ್ತಿಲ್ಲ.”