ಬಸ್ಸು ನಿಲ್ಲಿಸಿ ಎನ್ನುವ ಪಾಠ

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಕಾಪುವಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಒಂದು ದಿನ ಎಂಟನೆಯ ತರಗತಿಯ ಹುಡುಗಿಯರನ್ನು ಒಬ್ಬೊಬ್ಬರಾಗಿ ಎಬ್ಬಿಸಿ, ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಮೊದಲಿನವಳು, “ಮೈ ಫಾದರ್ ಈಸ್ ಎ ಪೋಸ್ಟ್‌ಮ್ಯಾನ್” ಎಂದಳು. ಪಕ್ಕದವಳೂ ಅದನ್ನೇ ಹೇಳಿದಳು. ಅವಳ ಹಿಂದಿನವಳೂ ಅದನ್ನೇ. ಊರಲ್ಲಿ ಅಷ್ಟು ಜನ ಪೋಸ್ಟ್‌ಮ್ಯಾನ್‌ಗಳಿದ್ದಿದ್ದರೆ ನಮ್ಮ ಕಾಗದಗಳು ಇನ್ನಷ್ಟು ಬೇಗ ಬರುತ್ತಿದ್ದವು. ಕಿಟಕಿಯ ಹತ್ತಿರ ಕುಳಿತಿದ್ದವಳ ಅಪ್ಪ ಮೀನು ಹಿಡಿಯುವವರು. ನನಗೆ ಅವರ ಪರಿಚಯವಿತ್ತು. ಅವಳೂ ಪೋಸ್ಟ್‌ಮ್ಯಾನ್ ಎಂದಾಗ ಕೇಳಿದೆ: “ನಿನ್ನ ಅಪ್ಪ ಯಾವಾಗ ಪೋಸ್ಟ್‌ಮ್ಯಾನ್ ಆದದ್ದು ಮಾರಾಯ್ತಿ?”

“ಆಗಲಿಲ್ಲ ಟೀಚರ್. ಪುಸ್ತಕದಲ್ಲಿ ಹಾಗೆ ಉಂಟು.”

ಯಾರೂ ನಗಲಿಲ್ಲ. ಅದರಲ್ಲಿ ನಗುವಂಥದ್ದೇನಿದೆ ಎಂದು ಅವರಿಗೆ ಹೊಳೆಯಲೂ ಇಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಅಂದು ಮನೆಗೆ ಹೋಗಿ ಆ ಪಠ್ಯಪುಸ್ತಕವನ್ನು ಮೊದಲ ಬಾರಿಗೆ ಅನುಮಾನದಿಂದ ಓದಿದೆ. ಅದರಲ್ಲಿ ಮಂಜಿನ ಗೊಂಬೆಯಿತ್ತು, ಬೆಂಕಿಗೂಡಿನ ಪಕ್ಕ ಮಲಗಿದ ನಾಯಿಯಿತ್ತು. ಸಂಭಾಷಣೆಗಳಲ್ಲಿ ಹುಡುಗಿಯರು ಎಲ್ಲಾದರೂ ಬಾಯಿ ಬಿಟ್ಟರೆ “ಯೆಸ್ ಸರ್”, ಇಲ್ಲವೇ “ಥ್ಯಾಂಕ್ಯೂ ಸರ್”. ಇಡೀ ಪುಸ್ತಕದಲ್ಲಿ ಒಬ್ಬ ಹುಡುಗಿಯೂ “ನೋ” ಅನ್ನುವುದಿಲ್ಲ. ಯಾರಿಗೂ ಒಂದು ಪ್ರಶ್ನೆ ಕೇಳುವುದಿಲ್ಲ.

ನಾನೇ ಪಾಠ ಬರೆಯತೊಡಗಿದೆ. ಶನಿವಾರ ಶಾಲೆ ಬಿಟ್ಟ ಮೇಲೆ ಉಡುಪಿಗೆ ಹೋಗಿ, ಬಸ್‌ಸ್ಟ್ಯಾಂಡಿನ ಹತ್ತಿರದ ಟೈಪಿಂಗ್ ಅಂಗಡಿಯಲ್ಲಿ ಅವುಗಳ ಪ್ರತಿಗಳನ್ನು ಸೈಕ್ಲೋಸ್ಟೈಲ್ ಮಾಡಿಸಿಕೊಂಡು ಬರುತ್ತಿದ್ದೆ. ಮೊದಲ ಪಾಠ ಬಸ್ಸಿನದ್ದು. ಕಾಪುವಿನಿಂದ ಹೊರಟ ಹುಡುಗಿ ಕಟಪಾಡಿಯಲ್ಲಿ ಇಳಿಯಬೇಕು, ಕಂಡಕ್ಟರ್ ನಿಲ್ಲಿಸುವುದಿಲ್ಲ. ಅವಳು ಹೇಳುತ್ತಾಳೆ: “ದಿಸ್ ಈಸ್ ಮೈ ಸ್ಟಾಪ್. ಐ ಹ್ಯಾವ್ ಎ ಟಿಕೆಟ್. ಸ್ಟಾಪ್ ದ ಬಸ್.” ಪಾಠ ಮುಗಿದ ಮೇಲೆ ಹಾಳೆಗಳನ್ನು ವಾಪಸು ತೆಗೆದುಕೊಂಡು, ನೋಡದೆ ಮಾತಾಡಿ ಎನ್ನುತ್ತಿದ್ದೆ. ಯಾರ ಬಾಯಲ್ಲೂ ಬಾರದ ವಾಕ್ಯ ನಾನೆಷ್ಟೇ ಇಷ್ಟಪಟ್ಟು ಬರೆದದ್ದಾಗಿರಲಿ, ಮುಂದಿನ ಸಲ ಹಾಳೆಯಲ್ಲಿ ಇರುತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಶಾಲಾ ಇನ್‌ಸ್ಪೆಕ್ಟರರು ತಪಾಸಣೆಗೆ ಬಂದರು. ಹಿಂದಿನ ಬೆಂಚಿನಲ್ಲಿ ಕುಳಿತು ಬಸ್ಸಿನ ಪಾಠ ಪೂರ್ತಿ ಕೇಳಿದರು. ಆಮೇಲೆ ಹೆಡ್‌ಮಾಸ್ತರರ ಕೋಣೆಗೆ ನನ್ನನ್ನು ಕರೆಸಿದರು.

“ಎಂತ ಟೀಚರೇ ಇದು? ಹೆಣ್ಣುಮಕ್ಕಳಿಗೆ ಜಗಳ ಮಾಡಲಿಕ್ಕೆ ಇಂಗ್ಲಿಷ್ ಕಲಿಸುವುದಾ?”

“ಜಗಳ ಅಲ್ಲ ಸರ್, ಉತ್ತರ.”

“ಪುಸ್ತಕ ಉಂಟಲ್ಲ?”

“ಉಂಟು. ಅದರಲ್ಲಿ ಇವರು ಇಲ್ಲ.”

ಹೆಡ್‌ಮಾಸ್ತರರು ಪಾಪ, ಮೇಜಿನ ಮೇಲಿನ ಗಂಟೆಯನ್ನು ಅತ್ತಿಂದಿತ್ತ ಸರಿಸುತ್ತಿದ್ದರು. ನನ್ನ ಪಾಠಗಳನ್ನು ಪರಿಶೀಲಿಸಲು ಹಿರಿಯ ಅಧ್ಯಾಪಕರ ಸಮಿತಿಯೊಂದು ಮಣಿಪಾಲದಲ್ಲಿ ಸೇರುವುದೆಂದು ತೀರ್ಮಾನವಾಯಿತು. ಮನೆಯಲ್ಲಿ ಈ ಸುದ್ದಿ ಕೇಳಿ ಅಮ್ಮ ಕೊಂಕಣಿಯಲ್ಲಿ ಚೆನ್ನಾಗಿ ಬೈದಳು: “ಸಿಕ್ಕಿದ ಕೆಲಸವನ್ನು ಕಾಲಿಂದ ಒದೆಯುತ್ತೀಯಾ?” ಒದೆಯುತ್ತಿಲ್ಲ, ಮಾಡುತ್ತಿದ್ದೇನೆ ಎಂದೆ.

ಮಣಿಪಾಲದಲ್ಲಿ ವ್ಯಾಕರಣಕ್ಕೆ ಇಷ್ಟು, ನೀತಿಬೋಧೆಗೆ ಇಷ್ಟು, ಅಚ್ಚುಕಟ್ಟಿಗೆ ಇಷ್ಟು ಎಂದು ಅಂಕ ಹಾಕುವುದಿತ್ತು. ಕಲಿತವರು ಮಾತಾಡಿದರೋ ಇಲ್ಲವೋ ಎಂಬುದಕ್ಕೆ ಅಂಕ ಎಲ್ಲಿ ಎಂದು ಕೇಳಿದೆ.

“ಮಕ್ಕಳು ಎಂತ ಪರೀಕ್ಷಕರಾ?” ಎಂದರು ಸಮಿತಿಯ ಅಧ್ಯಕ್ಷರು.

“ಹೌದು ಸರ್. ಅನ್ನ ಬೆಂದಿದೆಯಾ ಎಂದು ಉಣ್ಣುವವರಲ್ಲದೆ ಬೇರೆ ಯಾರು ಹೇಳಬೇಕು? ನನ್ನನ್ನು ನೋಡಿಯೇ ಇರದ ಮಕ್ಕಳನ್ನು ಕೊಡಿ. ಅಲ್ಲಿ ಕಲಿಸಿ ತೋರಿಸುತ್ತೇನೆ.”

ಅವರು ಕಾರ್ಕಳದ ಒಂದು ಶಾಲೆಯನ್ನು ಆರಿಸಿದರು. ಅಲ್ಲಿ ನಾನು ಸೋಲುತ್ತೇನೆಂದು ಅವರಿಗೆ ಖಾತ್ರಿಯಿತ್ತು.

ಅಲ್ಲಿ ಕಲಿಸಿದ ಮೊದಲ ಪಾಠದಲ್ಲಿ ಸೋತೆ ಕೂಡ. ಕಾಪುವಿನ ಸಮುದ್ರತೀರದ ದೀಪಸ್ತಂಭದ ಬಗ್ಗೆ ಬರೆದ ಪಾಠವದು. ನಮ್ಮ ಹುಡುಗಿಯರು ಅದನ್ನು ಓದಿ ಖುಷಿಯಿಂದ ಕಿರುಚಾಡುತ್ತಿದ್ದರು, ಕಾರ್ಕಳದ ಹುಡುಗಿಯರು ಸುಮ್ಮನೆ ಕೂತರು. ಅವರಿಗೆ ಅದು ಮಂಜಿನ ಗೊಂಬೆಯಷ್ಟೇ ದೂರ. ಅಧ್ಯಕ್ಷರ ಮುಖ ಅರಳಿತು. ನಾನು ಹಾಳೆಗಳನ್ನು ಒಟ್ಟುಮಾಡಿ, “ಈ ಪಾಠ ಇಲ್ಲಿಗೆ ಆಗುವುದಿಲ್ಲ ಸರ್, ಬರೆದುಕೊಳ್ಳಿ” ಎಂದು ಜೋರಾಗಿಯೇ ಹೇಳಿ ಬಸ್ಸಿನ ಪಾಠ ತೆಗೆದೆ.

ಬಸ್ಸು ಎಲ್ಲರಿಗೂ ಗೊತ್ತಿತ್ತು. ಉದ್ದನೆಯ ಹುಡುಗಿಯೊಬ್ಬಳು ಕಂಡಕ್ಟರ್ ಆದಳು. ಪ್ರಯಾಣಿಕಳಾದವಳು ತೆಳ್ಳಗಿದ್ದಳು, ಅಲ್ಲಿಯವರೆಗೆ ತಲೆ ಎತ್ತಿರಲಿಲ್ಲ. ಕಂಡಕ್ಟರ್ “ನೋ ಸ್ಟಾಪ್! ನೋ ಸ್ಟಾಪ್!” ಎಂದು ಬೆಂಚು ಬಡಿದಾಗ ಇವಳಿಗೆ ನಾನು ಬರೆದುಕೊಟ್ಟ ಮಾತು ಮರೆತೇ ಹೋಯಿತು. ಆಮೇಲೆ ಗದ್ದ ಮುಂದೆ ಮಾಡಿ, “ಯು ಟುಕ್ ಮೈ ಮನಿ! ವೈ ಯು ನಾಟ್ ಸ್ಟಾಪ್?” ಎಂದಳು.

ತರಗತಿಯಲ್ಲಿ ಚಪ್ಪಾಳೆ ಬಿತ್ತು. ಅಧ್ಯಕ್ಷರು ಎದ್ದು ನಿಂತರು. “ತಪ್ಪು. ‘ಡಿಡ್’ ಇಲ್ಲ.”

“ತಪ್ಪು ಹೌದು ಸರ್. ‘ಡಿಡ್’ ನಾಳೆ ಕಲಿಸಬಹುದು. ಈ ಮಾತನ್ನು ಮಾತ್ರ ಅವಳಿಗೆ ಯಾರೂ ಕಲಿಸಲಿಲ್ಲ, ಅಲ್ವಾ?”

ಆ ಹುಡುಗಿಯ ಕಿವಿ ಕೆಂಪಾಗಿತ್ತು, ಆದರೆ ತಲೆ ತಗ್ಗಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಅವಳ ಮಾತನ್ನು ಹಾಳೆಯ ಹಿಂಬದಿಯಲ್ಲಿ ಬರೆದುಕೊಂಡೆ.

ಆದರೂ ತೀರ್ಪು ನನ್ನ ವಿರುದ್ಧವೇ ಬಂತು. ಪಾಠಗಳಲ್ಲಿ ವಿನಯ ಸಾಲದು, ಶಾಲೆಯ ವೇಳೆಯಲ್ಲಿ ಬಳಸಬಾರದು ಎಂದು ಸಮಿತಿಯವರು ಬರೆದು ಕಳಿಸಿದ್ದರು. ಹೆಡ್‌ಮಾಸ್ತರರು ಅದನ್ನು ನನಗೆ ಓದಿಹೇಳಿ, ಕನ್ನಡಕ ತೆಗೆದು ಒರೆಸಿದರು. “ಶಾಲೆಯ ವೇಳೆ ಅಂದರೆ ಬೆಲ್ಲಿನಿಂದ ಬೆಲ್ಲಿನವರೆಗೆ. ಅದರ ಮೊದಲು ಯಾವ ಕೋಣೆಯಲ್ಲಿ ಎಂತ ಆಗ್ತದೆ ಎಂದು ನನಗೆ ಕಾಣುವುದಿಲ್ಲ ಟೀಚರ್. ಕಣ್ಣು ಮಂಜು.”

ಮರುದಿನದಿಂದಲೇ ಬೆಲ್ಲಿಗೆ ಮೊದಲು ತರಗತಿ ಶುರುಮಾಡಿದೆ. ಬರಲೇಬೇಕೆಂದು ಯಾರಿಗೂ ಹೇಳಿರಲಿಲ್ಲ. ಹುಡುಗಿಯರು ಬಂದರು.

ಒಂದು ವರ್ಷದೊಳಗೆ ಕಾರ್ಕಳದ ಆ ಶಾಲೆಯ ಟೀಚರ್ ಒಂದು ಭಾನುವಾರ ನಮ್ಮ ಮನೆಗೆ ಬಂದರು. ಅವತ್ತು ತರಗತಿಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದವರು. ಕಲ್ಲು ಕೆತ್ತುವವನ ಮಗಳ ಬಗ್ಗೆ ಅವರೇ ಒಂದು ಪಾಠ ಬರೆದಿದ್ದರು. ಮಗಳು ಉಳಿ ಕೇಳುತ್ತಾಳೆ, ಅಪ್ಪ ಕೊಡುವುದಿಲ್ಲ. ಓದಿ ನೋಡಿ ಎಂದರು.

“ನಾನು ಓದಿ ಎಂತ ಆಗಬೇಕು? ನಾಳೆ ರಜೆ ಹಾಕಿ, ಇಲ್ಲಿಯೇ ಉಳಿಯಿರಿ. ನಮ್ಮ ಹುಡುಗಿಯರೇ ಹೇಳಲಿ.”

ಹುಡುಗಿಯರು ದಾಕ್ಷಿಣ್ಯ ನೋಡಲಿಲ್ಲ. ಅಪ್ಪ ಇಲ್ಲ ಎಂದ ಕೂಡಲೇ ಪಾಠ ಯಾಕೆ ಮುಗಿಯಬೇಕು, ಮಗಳು ಇನ್ನೊಂದು ಸಲ ಕೇಳಲಿ ಎಂದರು. ಟೀಚರ್ ಅಲ್ಲಿಯೇ ಪೆನ್ಸಿಲ್ ತೆಗೆದು, ಮಗಳಿಂದ ಇನ್ನೊಂದು ಸಲ ಕೇಳಿಸಿದರು.

ಎಂಬತ್ತರ ದಶಕ ಮುಗಿಯುವ ತನಕ ನಮ್ಮ ಪಾಠಗಳಿಗೆ ಅನುಮತಿ ಬರಲಿಲ್ಲ. ನಾವು ಅದನ್ನು ಕೇಳಲೂ ಹೋಗಲಿಲ್ಲ, ಪಾಠ ಬರೆಯುತ್ತಾ ಕಲಿಸುತ್ತಾ ಹೋದೆವು.