ಬೈರಾಸಿನಡಿಯ ಮೂರನೆಯ ಕೈ

ಆ ಒಂದು ವ್ಯಾಪಾರಕ್ಕೆ ನಾನು ತೆತ್ತದ್ದು ನನ್ನ ಕಸುಬನ್ನು. ಎತ್ತಿನ ದಲ್ಲಾಳಿಯಾಗಿ ಬರಿಗೈಯಿಂದ ಕಟ್ಟಿಕೊಂಡದ್ದೆಲ್ಲ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಮುಗಿದದ್ದು ನನ್ನ ಹೊಲಸು ಬುದ್ಧಿಯಿಂದ. ಬೇರೆಯವರ ಮೇಲೆ ಹೊರಿಸುವುದಿಲ್ಲ. ಪ್ರೇತ, ಕುಲೆ ಎಂದವರನ್ನು ಅದುವರೆಗೆ ನಾನು ನಕ್ಕು ಕಳಿಸುತ್ತಿದ್ದೆ.

ಐವತ್ತರ ದಶಕದ ಕೊನೆಯ ಮಾತು. ಕಲ್ಲುಗುಂಡಿಯ ಹತ್ತಿರ ದೇರಣ್ಣನ ಚಹಾ ಅಂಗಡಿಯಲ್ಲಿ, ನನ್ನ ಜೊತೆಯ ದಲ್ಲಾಳಿ ಐತಪ್ಪನನ್ನು ಒಬ್ಬ ಜಮೀನುದಾರನ ತಮ್ಮ ಹಳೆಯ ಹಗೆಯಿಂದ ಕಡಿದು ಕೊಂದ. ಕಡಿದವನು ಯಾರೆಂಬುದರಲ್ಲಿ ಸಂಶಯವಿರಲಿಲ್ಲ. ಕತ್ತಿಯನ್ನು ಮನೆಯಿಂದಲೇ ತಂದಿದ್ದರೆ ಅದು ಕೊಲೆ. ಗಲ್ಲು, ಇಲ್ಲವೇ ಜೀವಾವಧಿ. ಜಗಳದ ಬಿಸಿಯಲ್ಲಿ ಅಂಗಡಿಯ ಎಳನೀರಿನ ಕತ್ತಿ ಕೈಗೆ ಸಿಕ್ಕಿದ್ದಾದರೆ, ಅದೇ ಸಾವಿಗೆ ಬೇರೆ ಕಲಮು, ಕಡಿಮೆ ಸಜೆ. ಅವನು ಸೊಂಟದಿಂದ ಕತ್ತಿ ಎಳೆದದ್ದನ್ನು ಕಂಡವನು ದೇರಣ್ಣ ಒಬ್ಬನೇ.

ಜಮೀನುದಾರ ನನ್ನನ್ನು ಕರೆಸಿ, “ಎತ್ತಿಗೆ ಮಾಡುದಿಲ್ವಾ? ದೇರಣ್ಣನ ಸಾಕ್ಷಿಗೂ ಒಂದು ದರ ಮಾಡಿ ಕೊಡಿ ಮಾರಾಯ್ರೆ,” ಎಂದ. ನಾನು ಒಪ್ಪಿದೆ.

ಐತಪ್ಪ ಕುಸಿದಿದ್ದ ಬೆಂಚಿನಲ್ಲೇ ದೇರಣ್ಣನೂ ನಾನೂ ಕುಳಿತೆವು. ನೆಲ ಸಾರಿಸಿದ್ದರೂ ನೊಣ ಬಿಟ್ಟಿರಲಿಲ್ಲ.

“ಐತಪ್ಪನಿಗೆ ಇನ್ನು ಎಂತ ಆಗ್ಲಿಕ್ಕುಂಟು? ಕತ್ತಿ ಅಂಗಡಿದ್ದು ಅಂತ ಹೇಳುದು, ಅಷ್ಟೇ,” ಎಂದೆ.

“ಮೊದಲು ಎತ್ತಿನ ಹಾಗೆ ನನ್ನ ಹಲ್ಲು ನೋಡುದಿಲ್ವಾ ದಲ್ಲಾಳಿಗಳೇ?” ಎಂದು ದೇರಣ್ಣ ಕುಟುಕಿದ. ಆದರೂ ಕೈ ಚಾಚಿದ.

ನಮ್ಮ ವ್ಯಾಪಾರದಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಇಬ್ಬರ ಕೈಗೂ ಹೊದಿಸಿ, ಅದರಡಿ ಎದುರಿನವನ ಬೆರಳು ಹಿಡಿಯುವುದು. ಎಷ್ಟು ಬೆರಳೋ ಅಷ್ಟು ನೂರು. ಮೂರು ಹಿಡಿದೆ. ಆಗ ನನ್ನ ಕೈಯ ಮೇಲೆ ಇನ್ನೊಂದು ಕೈ ಬಂದು ಕುಳಿತಿತು. ತಣ್ಣಗೆ, ಒದ್ದೆ ಒದ್ದೆಯಾಗಿ. ನನ್ನ ಬೆರಳುಗಳನ್ನು ಒಂದೊಂದಾಗಿ ದೇರಣ್ಣನ ಕೈಯಿಂದ ಬಿಡಿಸಿತು. ಅದರ ಕಿರುಬೆರಳು ಅರ್ಧವೇ ಇತ್ತು. ಐತಪ್ಪನ ಕಿರುಬೆರಳು ಎತ್ತಿನ ಹಗ್ಗಕ್ಕೆ ಸಿಕ್ಕಿ ಅರ್ಧ ಹೋಗಿತ್ತು. ಎಷ್ಟೋ ಸಂತೆಗಳಲ್ಲಿ ಆ ಕೈ ಹಿಡಿದವನು ನಾನು, ಗುರುತು ತಪ್ಪುವಂತಿರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ದೇರಣ್ಣ ಬಿಳಿಚಿಕೊಂಡು, “ನಿಮ್ಮ ಕಿರುಬೆರಳಿಗೆ ಎಂತ ಆಯ್ತು?” ಎಂದು ಬೈರಾಸು ಕಿತ್ತೆಳೆದ. ಅಡಿಯಲ್ಲಿದ್ದದ್ದು ನಮ್ಮಿಬ್ಬರ ಎರಡು ಕೈ ಮಾತ್ರ, ಬೆರಳೆಲ್ಲ ಇಡಿಯಾಗಿ.

ಕೋರ್ಟಿನಲ್ಲಿ ದೇರಣ್ಣ ಕಂಡದ್ದನ್ನೇ ಹೇಳಿದ. ಕಡಿದವನಿಗೆ ಜೀವಾವಧಿ ಆಯಿತು. ಆಮೇಲೆ ಯಾವ ಎತ್ತಿನ ದರಕ್ಕೂ ಬೈರಾಸಿನಡಿ ಕೈ ಹಾಕಲು ನನ್ನಿಂದಾಗಲಿಲ್ಲ. ಭ್ರಮೆ ಎನ್ನೋಣವೆಂದರೆ, ಇಬ್ಬರಿಗೂ ಒಮ್ಮೆಗೇ ಆಗುತ್ತದೆಯೇ? ನನಗಂತೂ ತಿಳಿದಿಲ್ಲ.

ತಿಳಿದದ್ದನ್ನು ಹೇಳುತ್ತೇನೆ. ಕೊಲೆ ಕೇಸಿಗೆ ರಾಜಿ ಇಲ್ಲ. ಸತ್ತವನ ಮನೆಯವರು ಬೇಡವೆಂದರೂ ಸರ್ಕಾರ ಅದನ್ನು ನಡೆಸುತ್ತದೆ. ಸುಳ್ಳು ಸಾಕ್ಷಿಗೆ ಬೇರೆಯೇ ಶಿಕ್ಷೆ ಇದೆ. ನಡುವೆ ನಿಂತು ಮಾತಾಡಿಕೊಡಿ ಎಂದು ಯಾರಾದರೂ ಬಂದರೆ, ಎರಡೂ ಕೈ ಎಲ್ಲರಿಗೂ ಕಾಣುವಂತೆ ಮೇಲಿಟ್ಟುಕೊಂಡು, ಆಗುವುದಿಲ್ಲ ಅನ್ನಿ.